ಮನೆಯಲ್ಲಿ ನುಂಗುವ ಮಾತ್ರೆಗೂ ವಿಮೆ ಕೊಡಿ

ಮಾನ್ಯ ಸಂಪಾದಕರೇ,

ನನ್ನ ತಂಗಿಗೆ ಹೊಟ್ಟೆಯ ಸ್ನಾಯುವಿನಲ್ಲಿ ಡೆಸ್ಮಾಯ್ಡ್ ಗಡ್ಡೆ ಇದೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಐದಾರು ಮಂದಿಗೆ ಬರುವಂಥದ್ದು. ಬೇರೆ ಅಂಗಕ್ಕೆ ಹರಡುವುದಿಲ್ಲ, ಆದರೆ ಇದ್ದಲ್ಲೇ ಸುತ್ತಲಿನ ಸ್ನಾಯು, ನರಗಳೊಳಗೆ ನುಗ್ಗುತ್ತದೆ. ಕೊಯ್ದು ತೆಗೆದರೂ ಮತ್ತೆ ಬರಬಹುದು. ಅದಕ್ಕೇ ಡಾಕ್ಟರು ಮೊದಲು ಕಾದು ನೋಡಿದರು. ಬೆಳೆಯತೊಡಗಿದಾಗ ಗಡ್ಡೆಯ ಬೆಳವಣಿಗೆ ತಡೆಯುವ ಸೊರಾಫೆನಿಬ್ ಮಾತ್ರೆ ಬರೆದರು. ಆ ಮಾತ್ರೆಯಿಂದ ಅಂಗಾಲು ಸುಲಿಯುತ್ತದೆ, ಚಪ್ಪಲಿ ಹಾಕುವುದೂ ಕಷ್ಟ. ಆದರೂ ಅಂಗನವಾಡಿ ಕೆಲಸ ಬಿಟ್ಟಿಲ್ಲ.

ವಿಮೆ ಕಂಪನಿ ಮಾತ್ರ ಬಿಲ್ಲು ವಾಪಸ್ ಕಳಿಸಿತು. ಆಸ್ಪತ್ರೆಗೆ ಅಡ್ಮಿಟ್ ಆಗಿಲ್ಲವಂತೆ! ಮಾತ್ರೆ ನುಂಗಲು ಯಾರಾದರೂ ಅಡ್ಮಿಟ್ ಆಗುತ್ತಾರಾ ಸ್ವಾಮಿ? ಪಾಲಿಸಿಯಿಂದ ಹೊರಗಿಡಬಾರದ ಚಿಕಿತ್ಸೆಗಳ ಪಟ್ಟಿಗೆ ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲೇ ಕೀಮೋ ಮಾತ್ರೆಯನ್ನೂ ಸೇರಿಸಿತು. ಆದರೆ ಚಿಕಿತ್ಸೆ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಇಲ್ಲವೇ ಡೇ ಕೇರ್ (ಅದೇ ದಿನ ಮನೆಗೆ ಕಳಿಸುವ ಚಿಕಿತ್ಸೆ) ಆಗಿ ಎಂಬ ಮಾತೂ ಅಲ್ಲೇ ಇತ್ತು. ಕಂಪನಿಗಳಿಗೆ ಆ ಸಂದಿ ಸಾಕು.

ಇದೇ ಸೊರಾಫೆನಿಬ್ ಒಂದು ಕಾಲಕ್ಕೆ ತಿಂಗಳಿಗೆ 2.8 ಲಕ್ಷ ರೂಪಾಯಿ ಇತ್ತು. 2012ರಲ್ಲಿ ಸರ್ಕಾರ ಕಡ್ಡಾಯ ಲೈಸೆನ್ಸ್ (ಪೇಟೆಂಟ್ ಇದ್ದ ಕಂಪನಿ ಒಪ್ಪದಿದ್ದರೂ ಬೇರೆಯವರು ತಯಾರಿಸಲು ಅನುಮತಿ) ಕೊಟ್ಟು, ಹೈದರಾಬಾದಿನ ನ್ಯಾಟ್ಕೋ ಕಂಪನಿ ಅದನ್ನು 8,880 ರೂಪಾಯಿಗೆ ಮಾರುವಂತಾಯಿತು. ಬೆಲೆ ಇಳಿಸುವ ಧೈರ್ಯ ಅಂದು ಇತ್ತಲ್ವಾ? ಡೆಸ್ಮಾಯ್ಡ್‌ಗೆಂದೇ ಅಮೆರಿಕ 2023ರಲ್ಲಿ ಒಪ್ಪಿದ ನಿರೋಗಾಸೆಸ್ಟಾಟ್ ಕೂಡ ಮಾತ್ರೆಯೇ. ಇನ್ನು ಮುಂದೆ ಇಂಥವೇ ಜಾಸ್ತಿ.

ತಜ್ಞರ ಚೀಟಿ, ಔಷಧಿ ಬಿಲ್ಲು ಇದ್ದರೆ ಅಡ್ಮಿಟ್ ಆಗದಿದ್ದರೂ ಹಣ ಕೊಡಬೇಕು, ಕೀಮೋ ಅಲ್ಲದ, ಗಡ್ಡೆ ಬೆಳೆಸುವ ಸಂಕೇತಗಳನ್ನೇ ಗುರಿಯಿಟ್ಟು ತಡೆಯುವ ಸೊರಾಫೆನಿಬ್‌ನಂಥ ಟಾರ್ಗೆಟೆಡ್ ಮಾತ್ರೆಗಳೂ ಇದರಲ್ಲಿ ಸೇರಬೇಕು ಎಂದು ಪ್ರಾಧಿಕಾರ ಸ್ಪಷ್ಟವಾಗಿ ಬರೆಯಲಿ.

– ಓದುಗಿ, ಸಾಗರ