ಕಾಗದ ಇದ್ದೂ ಸರಕು ನಿಂತರೆ

ಕುವೆಂಪುನಗರ, ಮೈಸೂರು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಚಿಕ್ಕಿಗೆ ಮಲೇಷ್ಯಾದಿಂದ ಆರ್ಡರ್ ಬಂದ ವಿಷಯ ನಿಮ್ಮಪ್ಪ ಆಗಲೇ ಎಲ್ಲರಿಗೂ ಫೋನ್ ಮಾಡಿ ಸಾರಿಬಿಟ್ಟಿದ್ದಾನೆ, ಅದನ್ನು ಬಿಡು. ನನ್ನ ನಿದ್ದೆ ಕೆಡಿಸಿದ್ದು ನಿನ್ನ ಪತ್ರದ ಕೊನೆಯ ಸಾಲು. 'ಹಲಾಲ್ ಸರ್ಟಿಫಿಕೇಟ್ ಕೈಯಲ್ಲಿದ್ದೂ ಅಲ್ಲಿನ ಬಂದರಿನಲ್ಲಿ ಇದು ನಡೆಯಲ್ಲ ಅಂದರೆ ಏನು ಮಾಡಲಿ ದೊಡ್ಡಪ್ಪ?' ಏಜೆಂಟರು ತಲೆಗೊಂದು ಸಂಸ್ಥೆ ಹೇಳುತ್ತಿದ್ದಾರೆ, ಒಂದಕ್ಕಿಂತ ಒಂದು ಅಗ್ಗ, ಯಾವುದನ್ನು ಹಿಡಿಯಲಿ ಅಂತಲೂ ಕೇಳಿದ್ದೀಯ.

ಹೆದರಬೇಡ ಅಂತ ಬರೆದು ಮುಗಿಸಬಹುದಿತ್ತು. ಆದರೆ ನಿನ್ನ ಭಯ ಸುಳ್ಳಲ್ಲ. ನಾನು ಡಿಸ್ಪ್ಯಾಚ್ ಸೆಕ್ಷನ್‌ನಲ್ಲಿದ್ದಾಗ ಕೊಲ್ಲಿ ದೇಶಕ್ಕೆ ಹೋದ ಒಂದು ಕಂಟೇನರ್ ಬಿಸ್ಕತ್ತು ವಾಪಸ್ ಬಂತು. ಸರ್ಟಿಫಿಕೇಟ್ ಇತ್ತು. ಸೀಲು, ಸಹಿ, ತಾರೀಖು ಎಲ್ಲ ಸರಿಯಾಗಿತ್ತು. ಕೊಟ್ಟವರ ಹೆಸರು ಆ ದೇಶದ ಪಟ್ಟಿಯಲ್ಲಿ ಇರಲಿಲ್ಲ, ಅಷ್ಟೇ. ಗೋಡೌನಿನಲ್ಲಿ ಬಾಕ್ಸ್ ಇಳಿಸುವಾಗ ನಾನು ಅಲ್ಲೇ ಇದ್ದೆ. ರಟ್ಟು ತೇವ ಹಿಡಿದು ಮೆತ್ತಗಾಗಿತ್ತು. ಒಂದರ ಮೇಲೊಂದು ಅಂಟಿಸಿದ ಅರಬ್ಬಿ ಸ್ಟಿಕ್ಕರು. ಎತ್ತಿದರೆ ಮೂಲೆಯಿಂದ ಬಿಸ್ಕತ್ತಿನ ಪುಡಿ ಸುರಿಯುತ್ತಿತ್ತು. ಹೋಗುವ ಬಾಡಿಗೆ, ಬರುವ ಬಾಡಿಗೆ, ಅಲ್ಲಿ ನಿಂತಷ್ಟು ದಿನದ ಡಿಮರೇಜು ಅನ್ನುವ ದಂಡ, ಎಲ್ಲ ಕಂಪನಿ ತಲೆಗೇ ಬಂತು. ಅದು ದೊಡ್ಡ ಕಂಪನಿ, ತಡೆದುಕೊಂಡಿತು. ನಿನ್ನದು ಮನೆ ಹಿಂದಿನ ಶೆಡ್ಡು.

ಅದಕ್ಕೇ ಯಾವ ಸಂಸ್ಥೆ ಒಳ್ಳೇದು ಅಂತ ನನ್ನನ್ನು ಕೇಳಬೇಡ, ಏಜೆಂಟರನ್ನಂತೂ ಕೇಳಲೇಬೇಡ. ಕೊಳ್ಳುವವನನ್ನು ಕೇಳು. ಮಲೇಷ್ಯಾದಲ್ಲಿ ಇದನ್ನು ನೋಡಿಕೊಳ್ಳುವುದು ಜಾಕಿಂ ಅನ್ನುವ ಸರ್ಕಾರಿ ಇಲಾಖೆ. ಹೊರದೇಶದ ಯಾವ ಯಾವ ಸಂಸ್ಥೆಗಳನ್ನು ಒಪ್ಪುತ್ತೇವೆ ಅಂತ ಅವರೇ ಪಟ್ಟಿ ಹಾಕುತ್ತಾರೆ. ಹಳೇ ಆಫೀಸಿನ ಹುಡುಗನೊಬ್ಬ ಈಗಲೂ ಇದೇ ಕೆಲಸದಲ್ಲಿದ್ದಾನೆ, ನಿನ್ನ ಪತ್ರ ಓದಿದ ಮೇಲೆ ಅವನಿಗೆ ಫೋನ್ ಮಾಡಿದೆ. ಅವನು ಹೇಳಿದ ಒಂದು ಮಾತಿಂದ ನನಗೆ ಸ್ವಲ್ಪ ಸಮಾಧಾನ ಆಯಿತು. ಚಿಕ್ಕಿಯಂಥ ಸರಕಿಗೆ ಅಲ್ಲಿ ಹಲಾಲ್ ಕಡ್ಡಾಯ ಅಲ್ಲವಂತೆ. ಆದರೆ ಪ್ಯಾಕೆಟ್ ಮೇಲೆ ಹಲಾಲ್ ಅಂತ ಹಾಕಿದೆಯೋ, ಅದು ಜಾಕಿಂ ಕೊಟ್ಟದ್ದಾಗಿರಬೇಕು, ಇಲ್ಲವೇ ಜಾಕಿಂ ಒಪ್ಪಿದವರು ಕೊಟ್ಟದ್ದಾಗಿರಬೇಕು. 2011ರಿಂದ ಹಾಗೆ ಆದೇಶ ಇದೆ. ಅಂದರೆ ಪಟ್ಟಿಯಲ್ಲಿಲ್ಲದವರ ಮುದ್ರೆ ಹಾಕಿಕೊಂಡು ಹೋಗುವುದಕ್ಕಿಂತ ಮುದ್ರೆಯೇ ಇಲ್ಲದೆ ಹೋಗುವುದು ಮೇಲು! ಅಗ್ಗದ ಸರ್ಟಿಫಿಕೇಟು ನಿನ್ನನ್ನು ಕಾಯುವುದಿಲ್ಲ, ಅದೇ ನಿನ್ನನ್ನು ಸಿಕ್ಕಿಸಿಹಾಕುತ್ತದೆ.

ಪಟ್ಟಿಯಲ್ಲಿ ಹೆಸರು ಇದ್ದರೂ ಯಾವುದಕ್ಕೆ ಇದೆ ಅಂತ ನೋಡು. ಕೆಲವರಿಗೆ ಕಸಾಯಿಖಾನೆಗೆ ಮಾತ್ರ ಒಪ್ಪಿಗೆ ಇರುತ್ತದೆ, ತಯಾರಿಸಿದ ತಿಂಡಿಗೆ ಇರುವುದಿಲ್ಲ. ಪಟ್ಟಿ ಆಗಾಗ ಬದಲಾಗುತ್ತದೆ ಕೂಡ. ಹೋದ ವರ್ಷದ ಪ್ರಿಂಟ್‌ಔಟ್ ತೋರಿಸಿದರೆ ನಂಬಬೇಡ.

ನಿನ್ನ ಪತ್ರದಲ್ಲಿ ನಮ್ಮ ಸರ್ಕಾರದ ನಿಯಮದ ಮಾತೂ ಇದೆ. ಯಾರೋ ಹೆದರಿಸಿರಬೇಕು. 2023ರಲ್ಲಿ ಡಿಜಿಎಫ್‌ಟಿ, ಅಂದರೆ ಕೇಂದ್ರದ ವಿದೇಶ ವ್ಯಾಪಾರದ ಇಲಾಖೆ, ತಂದ ಹಲಾಲ್ ನಿಯಮ ಮಾಂಸ ಮತ್ತು ಮಾಂಸದ ಪದಾರ್ಥಗಳಿಗೆ. ಕ್ವಾಲಿಟಿ ಕೌನ್ಸಿಲ್‌ನ ಐ-ಕ್ಯಾಸ್ ಹಲಾಲ್ ಅನ್ನುವ ಸರ್ಟಿಫಿಕೇಟ್ ಯೋಜನೆ ಅದೇ. 2024ರ ಅಕ್ಟೋಬರ್‌ನಲ್ಲಿ ಅದಕ್ಕೆ 15 ದೇಶಗಳ ಹೆಸರು ಸೇರಿಸಿದರು, ಮಲೇಷ್ಯಾವೂ ಇದೆ. ಆದರೆ ಬೆಲ್ಲದ ಚಿಕ್ಕಿಗೂ ಅದಕ್ಕೂ ಸಂಬಂಧ ಇಲ್ಲ.

ಚಿಕ್ಕಿ ಅಂದಾಗ ಅಪ್ಪನ ಆಲೆಮನೆ ನೆನಪಾಯಿತು. ಅಪ್ಪ ಹೋದ ಮೇಲೆ ಇಬ್ಬರೂ ಸೇರಿ ನಡೆಸೋಣ ಅಂತ ನಿಮ್ಮಪ್ಪ ನನ್ನನ್ನು ಕರೆದ. ನಾನು ತಿಂಗಳ ಸಂಬಳ ಬಿಟ್ಟು ಬರಲಿಲ್ಲ. ಮಂಡಿಯವರಿಗೆ ಬೆಲ್ಲ ಹಳದಿ ಬಣ್ಣಕ್ಕೆ ಬರಬೇಕು. ಹೈಡ್ರೋಸ್ ಅನ್ನುವ ಬಣ್ಣ ತಿಳಿ ಮಾಡುವ ರಾಸಾಯನಿಕ ಹಾಕದೆ ಆ ಬಣ್ಣ ಬರಲ್ಲ, ಹಾಕಲು ನಿಮ್ಮಪ್ಪನಿಗೆ ಮನಸ್ಸಿಲ್ಲ. ಬೆಂಡೆ ಗಿಡ ಜಜ್ಜಿ, ಆ ಲೋಳೆಯಲ್ಲೇ ಕೊಳೆ ತೆಗೆಯುತ್ತಿದ್ದ. ಅಚ್ಚು ಕಂದಗೆ ಬಂತು ಅಂತ ರೇಟು ಇಳಿಸಿದರು. ಆ ವರ್ಷ ಮಂಡಿಗೆ ಅವನ ಜೊತೆ ಹೋಗಿ ನಿಲ್ಲಲು ಯಾರೂ ಇರಲಿಲ್ಲ. ಈಗ ನಿನ್ನ ಗಿರಾಕಿ ಅದೇ ಕಂದು ಬೆಲ್ಲವೇ ಬೇಕು ಅಂತಾನಂತೆ. ನಿಮ್ಮಪ್ಪ ಇದನ್ನು ನಗುತ್ತಾ ಹೇಳಿದ, ನನಗೆ ನಗು ಬರಲಿಲ್ಲ. ಇರಲಿ.

ಸರಕು ನಿಂತರೆ ಅನ್ನುವ ಮಾತಿಗೇ ಬರುತ್ತೇನೆ. ನಿಂತರೆ ಕಾಗದದಿಂದಲೇ ನಿಲ್ಲಬೇಕಂತಿಲ್ಲ, ಒಳಗಿರುವ ಪದಾರ್ಥದಿಂದಲೂ ನಿಲ್ಲಬಹುದು. ಹಸಿರು ಚುಕ್ಕಿ ಇದೆಯಲ್ಲ, ಇನ್ನೇನು ಅಂತ ಬರೆದಿದ್ದೀಯ. ಅದು ಸಾಲದು ಪುಟ್ಟಿ. ವೆನಿಲಾ ಎಸೆನ್ಸು ಪೂರ್ತಿ ಸಸ್ಯಾಹಾರಿಯೇ, ಆದರೆ ಎಷ್ಟೋ ಎಸೆನ್ಸುಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಹಲಾಲ್ ಸರ್ಟಿಫಿಕೇಟ್ ಕೊಡುವವರು ಮೊದಲು ಕೇಳುವುದೇ ಅದನ್ನು. ಚಾಕೊಲೇಟ್ ಚಿಕ್ಕಿ ಮಾಡುವುದಾದರೆ ಅದರ ಎಮಲ್ಸಿಫೈಯರ್, ಅಂದರೆ ಜಿಡ್ಡು ಬೇರೆಯಾಗದಂತೆ ಬೆರೆಸಿಡುವ ಪದಾರ್ಥ, ಯಾವುದು ಅಂತ ನೋಡು. 471 ಅನ್ನುವ ನಂಬರ್ ಇದ್ದರೆ ಅದು ಎಣ್ಣೆಯದ್ದೋ ಪ್ರಾಣಿ ಕೊಬ್ಬಿನದ್ದೋ ಅಂತ ಕೊಟ್ಟವರಿಂದ ಬರೆಸಿಕೋ. ಬೆಲ್ಲ ಕೊಡುವ ಆಲೆಮನೆಯಲ್ಲಿ ನೊರೆ ಇಳಿಸಲು ಕೊಪ್ಪರಿಗೆಗೆ ಏನು ಬಿಡುತ್ತಾರೆ ಅಂತ ಒಂದು ಸಲ ಹೋಗಿ ನೋಡಿ ಬಾ. ಮಾಮೂಲಾಗಿ ಹರಳೆಣ್ಣೆ, ಕಡ್ಲೆಕಾಯಿ ಎಣ್ಣೆ ಇರುತ್ತದೆ. ಲೇಬಲ್ ಇಲ್ಲದ ಡಬ್ಬ ಕಂಡರೆ ಕೇಳು. ಬರೀ ಉಪದೇಶ ಆಯಿತು, ಅಲ್ವಾ? ನಿನಗೆ ಇದರಲ್ಲಿ ಅರ್ಧ ಗೊತ್ತಿರಬಹುದು.

ಶೆಡ್ಡಿಗೆ ಬಂದು ನೋಡದೆ ಫೋನಲ್ಲೇ ಸರ್ಟಿಫಿಕೇಟ್ ಕೊಡುತ್ತೇವೆ ಅನ್ನುವವರು ಬೇಡ. ನೋಡಲು ಬಂದು ಜಾಸ್ತಿ ಪ್ರಶ್ನೆ ಕೇಳಿ ತಲೆ ತಿನ್ನುವವರೇ ವಾಸಿ. ಸರ್ಟಿಫಿಕೇಟಿನಲ್ಲಿ ನಿನ್ನ ಶೆಡ್ಡಿನ ವಿಳಾಸ, ಪ್ರತಿ ಐಟಂನ ಹೆಸರು ಲೇಬಲ್ಲಿನಲ್ಲಿ ಇದ್ದ ಹಾಗೇ ಇರಲಿ. ಪ್ಯಾಕಿಂಗ್ ಬೇರೆ ಕಡೆ ಮಾಡಿಸುವುದಾದರೆ ಅದನ್ನು ಮುಚ್ಚಿಡದೆ ಮೊದಲೇ ಹೇಳು. ವರ್ಷದ ಸರ್ಟಿಫಿಕೇಟ್ ಸಾಕೋ, ಪ್ರತಿ ಲೋಡಿಗೂ ಬೇರೆ ಬೇಕೋ ಅಂತ ಗಿರಾಕಿಯಿಂದ ಮೇಲ್‌ನಲ್ಲಿ ಬರೆಸಿಕೋ. ಬಾಯಿ ಮಾತು ಬಂದರಿನಲ್ಲಿ ನಡೆಯಲ್ಲ.

ಇಂಡೋನೇಷ್ಯಾದವರೂ ಕೇಳಿದ್ದಾರೆ ಅಂತ ಬರೆದಿದ್ದೀಯ. ಅಲ್ಲಿನ ಲೆಕ್ಕವೇ ಬೇರೆ. ಅಲ್ಲಿ 2014ರ ಕಾನೂನಿನ ಪ್ರಕಾರ ಆಹಾರಕ್ಕೆ ಹಲಾಲ್ ಕಡ್ಡಾಯ, ಹೊರಗಿಂದ ಬರುವ ಸರಕಿಗೆ 2026ರ ಅಕ್ಟೋಬರ್‌ವರೆಗೆ ಗಡುವು. ಪಟ್ಟಿಯೂ ಜಾಕಿಂದಲ್ಲ, ಬಿಪಿಜೆಪಿಎಚ್ ಅನ್ನುವ ಅಲ್ಲಿನ ಸರ್ಕಾರಿ ಸಂಸ್ಥೆಯದು. ಇಲ್ಲಿನ ಸರ್ಟಿಫಿಕೇಟನ್ನು ಅಲ್ಲಿ ನೋಂದಣಿ ಬೇರೆ ಮಾಡಿಸಬೇಕು. ಎರಡೂ ಪಟ್ಟಿಯಲ್ಲಿ ಇರುವವರು ಸಿಕ್ಕರೆ ದುಡ್ಡು ನಾಲ್ಕು ಕಾಸು ಹೆಚ್ಚಾದರೂ ಅವರನ್ನೇ ನೋಡು. ಸಿಗದಿದ್ದರೆ ಸದ್ಯಕ್ಕೆ ಮಲೇಷ್ಯಾ ಒಂದೇ ಸಾಕು ಅಂತ ನನಗನಿಸುತ್ತದೆ. ನಿನ್ನ ಇಷ್ಟ.

ಇಷ್ಟೆಲ್ಲ ಮಾಡಿದ ಮೇಲೂ ಸರಕು ನಿಂತರೆ? ನಿಲ್ಲಲೂಬಹುದು, ನಿಲ್ಲಲ್ಲ ಅಂತ ನಾನು ಹೇಗೆ ಬರೆದುಕೊಡಲಿ? ಮೊದಲ ಸಲ ಪೂರ್ತಿ ಕಂಟೇನರ್ ಕಳಿಸಬೇಡ, ಬೇರೆಯವರ ಸರಕಿನ ಜೊತೆ ನಾಲ್ಕು ಪ್ಯಾಲೆಟ್ ಹೋಗಲಿ. ನಿಂತರೂ ರೈತರಿಗೆ ಕೊಡಬೇಕಾದ ದುಡ್ಡು ನಿನ್ನ ಹತ್ತಿರ ಉಳಿದಿರುತ್ತದೆ.

ಭಾನುವಾರ ಬೆಳಗಿನ ರೈಲಿಗೆ ಮಂಡ್ಯಕ್ಕೆ ಬರುತ್ತೇನೆ. ಏಜೆಂಟರ ಕೊಟೇಶನ್ನು, ಎಸೆನ್ಸಿನ ಬಿಲ್ಲು ತೆಗೆದಿಡು. ಅಲ್ಲಿಯವರೆಗೆ ಯಾರಿಗೂ ಅಡ್ವಾನ್ಸ್ ಕೊಡಬೇಡ, ಪೌಚು ಪ್ರಿಂಟಿಗೂ ಹಾಕಬೇಡ.

ಇಂತಿ,
ನಿನ್ನ ದೊಡ್ಡಪ್ಪ