ಲಿಮಿಟರ್ ತಪ್ಪಾಗಿ ಹೊಂದಿಸಿ ಸ್ಪೀಕರ್ ಸುಟ್ಟಿರುವ ಬಗ್ಗೆ ದೂರು

ಇಂದ: ಸೌಂಡ್ ಸಿಸ್ಟಂ ಬಾಡಿಗೆ ಘಟಕ, ತೀರ್ಥಹಳ್ಳಿ, ಶಿವಮೊಗ್ಗ ಜಿಲ್ಲೆ
ಗೆ: ವ್ಯವಸ್ಥಾಪಕರು, ಸರ್ವಿಸ್ ವಿಭಾಗ
ವಿಷಯ: ವಾರಂಟಿ ನಿರಾಕರಣೆಯನ್ನು ಹಿಂಪಡೆದು ಎರಡು ಬೇಸ್ ಸ್ಪೀಕರ್ ಸರಿಪಡಿಸಿಕೊಡುವ ಕುರಿತು

ಮಾನ್ಯರೇ,

ನಿಮ್ಮ ತಂತ್ರಜ್ಞರು ಸೆಟ್ ಮಾಡಿಕೊಟ್ಟ ಸಿಸ್ಟಂನ ಎರಡು 18 ಇಂಚಿನ ಬೇಸ್ ಸ್ಪೀಕರ್‌ಗಳ ವಾಯ್ಸ್ ಕಾಯಿಲ್ (ಕೋನನ್ನು ಅಲುಗಿಸುವ ತಂತಿಯ ಸುರುಳಿ) ಸುಟ್ಟಿದೆ. ಮಲೆನಾಡಿನ ತೇವದಿಂದ ಹಾಳಾಗಿದೆ, ಆದ್ದರಿಂದ ವಾರಂಟಿ ಇಲ್ಲ ಎಂದು ನಿಮ್ಮ ವರದಿ ಹೇಳುತ್ತದೆ. (ಆಗುಂಬೆಯ ಮಗ್ಗುಲಿನ ಊರಿಗೆ ಮಾಲು ಮಾರುವಾಗ ಮಳೆ ನೆನಪಾಗಲಿಲ್ಲವೇ?) ತೇವ ಹಿಡಿದಿದ್ದರೆ ಕೋನ್ ಮೆತ್ತಗಾಗಿ ಬೂಷ್ಟು ಬರುತ್ತಿತ್ತು, ಟರ್ಮಿನಲ್‌ಗೆ ಕಿಲುಬು ಹಿಡಿಯುತ್ತಿತ್ತು. ಇಲ್ಲಿ ಕೋನ್, ಕಾಯಿಲನ್ನು ನಡುವೆ ಹಿಡಿದಿಡುವ ಸ್ಪೈಡರ್ ಎರಡೂ ಸರಿಯಾಗಿವೆ. ಕಾಯಿಲ್ ಕಪ್ಪಾಗಿ, ವಾರ್ನಿಷ್ ಎದ್ದಿದೆ. ಮೀಟರ್ ಹಿಡಿದರೆ 6 ಓಮ್ ಆಸುಪಾಸು ತೋರಬೇಕಾದ ಕಡೆ ಒಂದು ಪೂರ್ತಿ ಓಪನ್ (ತಂತಿ ಕಡಿದಿದೆ), ಇನ್ನೊಂದು 3 ಓಮ್.

ಕಾರಣ ನಿಮ್ಮ ಸೆಟ್ಟಿಂಗ್ ಹಾಳೆಯಲ್ಲೇ ಇದೆ. ಸ್ಪೀಕರ್‌ಗೆ ಹೋಗುವ ವೋಲ್ಟೇಜ್ ಮಿತಿ ಮೀರದಂತೆ ತಡೆಯುವುದು ಲಿಮಿಟರ್; ಆ ಮಿತಿಯನ್ನೇ ತಪ್ಪಾಗಿ ಬರೆದಿದ್ದಾರೆ. ಒಂದು ಚಾನಲ್‌ಗೆ 8 ಓಮ್, 500 ವ್ಯಾಟ್‌ನ ಎರಡು ಬಾಕ್ಸ್ ಪ್ಯಾರಲಲ್. ವ್ಯಾಟನ್ನು ಕೂಡಿಸಿ 1,000 ಮಾಡಿದವರು ಓಮ್ ಮಾತ್ರ 8 ಅಂತಲೇ ಉಳಿಸಿಕೊಂಡು 89.4 ವೋಲ್ಟ್ ಬರೆದಿದ್ದಾರೆ. ಪ್ಯಾರಲಲ್‌ನಲ್ಲಿ ಓಮ್ ಅರ್ಧವಾಗುವುದರಿಂದ 1,000 ವ್ಯಾಟ್ ಹಿಡಿದರೆ ಓಮ್ 4 ಆಗಬೇಕು; ಒಂದೇ ಬಾಕ್ಸ್‌ನ 500 ಹಿಡಿದರೆ 8. ವ್ಯಾಟ್, ಓಮ್ ಎರಡನ್ನೂ ಹೇಗೆ ಗುಣಿಸಿ ವರ್ಗಮೂಲ ತೆಗೆದರೂ 63.2 ವೋಲ್ಟೇ ಬರುತ್ತದೆ. 89.4 ಎಂಬುದು ಪೀಕ್ (ಅಲೆಯ ತುದಿಯ) ಲೆಕ್ಕ ಎನ್ನುವ ಸಮರ್ಥನೆಯೂ ನಿಲ್ಲದು, ಪ್ರೊಸೆಸರ್‌ನ ಲಿಮಿಟರ್ ಇರುವುದು ಆರ್‌ಎಂಎಸ್ (ಅಲೆಯ ಪರಿಣಾಮಕಾರಿ ಸರಾಸರಿ) ಮೋಡ್‌ನಲ್ಲಿ.

ಎರಡನೆಯ ತಪ್ಪು ಗೇನ್, ಅಂದರೆ ಆಂಪ್ಲಿಫೈಯರ್ ಸಿಗ್ನಲನ್ನು ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದು. ಆಂಪ್ಲಿಫೈಯರ್ ಹಿಂದಿನ ಸ್ವಿಚ್ 32 ಡಿಬಿಯಲ್ಲಿದೆ, ಅಂದರೆ 40 ಪಟ್ಟು. ಹಾಳೆಯಲ್ಲಿ 26 ಡಿಬಿ, 20 ಪಟ್ಟು. ಹಾಗಾಗಿ ಪ್ರೊಸೆಸರ್‌ನಲ್ಲಿ 1.58 ವೋಲ್ಟ್‌ಗೆ (63.2 ಭಾಗಿಸು 40), ಅಂದರೆ 6.2 ಡಿಬಿಯುಗೆ (ಸಿಗ್ನಲ್ ಮಟ್ಟದ ಅಳತೆ) ಇರಬೇಕಿದ್ದ ಮಿತಿ, ಎರಡೂ ತಪ್ಪು ಸೇರಿ (89.4 ಭಾಗಿಸು 20) 15.2ಕ್ಕೆ ಏರಿದೆ. 4 ಓಮ್‌ಗೆ 1,800 ವ್ಯಾಟ್ ಕೊಡುವ ಈ ಆಂಪ್ಲಿಫೈಯರ್ ಸುಮಾರು 85 ವೋಲ್ಟ್‌ಗೇ ಕ್ಲಿಪ್ ಆಗುತ್ತದೆ (ಶಕ್ತಿ ಮುಗಿದು ಅಲೆಯ ತುದಿ ಕತ್ತರಿಸಿಹೋಗುತ್ತದೆ), ಅದಕ್ಕೆ 8.7 ಡಿಬಿಯು ಸಾಕು. ಆಂಪ್ಲಿಫೈಯರ್‌ನ ಕೆಂಪು ದೀಪ ಹತ್ತಿ ಉರಿಯುತ್ತಿದ್ದರೂ ಲಿಮಿಟರ್ ದೀಪ ಮಿಣುಕುವುದೇ ಇಲ್ಲ. ಇದ್ದೂ ಇಲ್ಲದಂತೆ.

ಪರೀಕ್ಷಿಸಲು ಬರುವವರು ದಯವಿಟ್ಟು ಅಂದಾಜಿನಲ್ಲಿ ಸೆಟ್ ಮಾಡಬಾರದು, ಅಳೆಯಬೇಕು. ಮೊದಲು ಬಾಕ್ಸ್‌ಗಳ ಸ್ಪೀಕಾನ್ (ಸ್ಪೀಕರ್ ಕೇಬಲ್‌ನ ಪ್ಲಗ್) ಕಳಚಬೇಕು. ಪರೀಕ್ಷೆಗೆ ಬೇಕಾದ ಮಟ್ಟದ ಸೈನ್ ಟೋನ್ (ಒಂದೇ ಸಮನೆಯ ಶುದ್ಧ ನಾದ) ಕಾಯಿಲನ್ನು ಬೇಗನೆ ಸುಡಬಲ್ಲದು. ಆಂಪ್ಲಿಫೈಯರ್ ಆಫ್ ಇರುವಾಗಲೇ ಟ್ರೂ ಆರ್‌ಎಂಎಸ್ ಮೀಟರನ್ನು ಇನ್ಸುಲೇಷನ್ ಇರುವ ಕ್ಲಿಪ್‌ಗಳಿಂದ ಔಟ್‌ಪುಟ್‌ಗೆ ಸಿಕ್ಕಿಸಿ, ಎಸಿ ವೋಲ್ಟ್‌ಗೆ ತಿರುಗಿಸಬೇಕು. ಆಂಪ್ಲಿಫೈಯರ್‌ನ ನಾಬ್ ಪೂರ್ತಿ ತೆರೆದಿರಬೇಕು, ಇಲ್ಲವಾದರೆ ನಾಳೆ ಯಾರೋ ತಿರುಗಿಸಿದ ಕೂಡಲೇ ಲೆಕ್ಕ ತಲೆಕೆಳಗಾಗುತ್ತದೆ. 100 ಹರ್ಟ್ಸ್ ಟೋನನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿದಾಗ 63 ವೋಲ್ಟ್‌ಗೆ ಮುಳ್ಳು ನಿಲ್ಲಬೇಕು. ಒದ್ದೆ ಕೈಯಲ್ಲಿ ತಂತಿ ಮುಟ್ಟಬಾರದು, ಆ ವೋಲ್ಟೇಜ್ ಶಾಕ್ ಹೊಡೆಯುತ್ತದೆ. ಬ್ರಿಜ್ ಮೋಡ್‌ನಲ್ಲಿ (ಎರಡು ಚಾನಲ್ ಸೇರಿ ಒಂದಾಗಿ ನಡೆಯುವಾಗ) ಎರಡೂ ಟರ್ಮಿನಲ್‌ಗಳಲ್ಲಿ ಸಿಗ್ನಲ್ ಇರುವುದರಿಂದ ಆಸಿಲೋಸ್ಕೋಪ್‌ನ ಅರ್ಥ್ ಕ್ಲಿಪ್ ಹಾಕುವಂತಿಲ್ಲ.

ರಾತ್ರಿಯಿಡೀ ನಡೆಯುವ ಕಾರ್ಯಕ್ರಮಗಳಿಗೆ ಇನ್ನೂ 3 ಡಿಬಿ ಇಳಿಸಿ 45 ವೋಲ್ಟ್‌ಗೆ ನಿಲ್ಲಿಸುವುದೇ ಕ್ಷೇಮ. ತೀರಾ ಕೆಳಗಿನ ಸ್ವರಗಳನ್ನು ತಡೆಯುವ ಹೈಪಾಸ್ ಫಿಲ್ಟರ್ ಕೂಡ ಆಫ್ ಇದೆ, ಅದನ್ನೂ ಬಾಕ್ಸ್‌ನ ಟ್ಯೂನಿಂಗ್‌ಗೆ ತಕ್ಕಂತೆ ಹಾಕಿಕೊಡಬೇಕು.

ಎರಡೂ ಸ್ಪೀಕರ್‌ಗಳಿಗೆ ಒರಿಜಿನಲ್ ರೀಕೋನ್ ಕಿಟ್ (ಹೊಸ ಕೋನ್ ಮತ್ತು ಕಾಯಿಲ್‌ನ ಜೋಡಣೆ) ಉಚಿತವಾಗಿ ಹಾಕಿಸಿ, ಅಳತೆ ನಮೂದಿಸಿದ ಹೊಸ ಹಾಳೆಯನ್ನು ಸಹಿಯೊಂದಿಗೆ 15 ದಿನಗಳೊಳಗೆ ಕೊಡಿ. ತಪ್ಪಿದಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಡಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಲಾಗುವುದು.

ಲಗತ್ತು: ಸೆಟ್ಟಿಂಗ್ ಹಾಳೆಯ ಪ್ರತಿ, ಕಾಯಿಲ್‌ಗಳ ಫೋಟೊ, ಗೇನ್ ಸ್ವಿಚ್‌ನ ಫೋಟೊ, ಬಿಲ್.

ಇತಿ ತಮ್ಮ ವಿಶ್ವಾಸಿಗಳು,
ಮಾಲೀಕರು ಮತ್ತು ಆಪರೇಟರ್‌ಗಳು