ವಿಮಾನದ ಬಾಗಿಲಲ್ಲಿ ‘ಬೇಡ’ ಅಂದವಳನ್ನು ಆಡಿಕೊಳ್ಳಬೇಡಿ

ಮಾನ್ಯ ಸಂಪಾದಕರಿಗೆ,

ಪ್ಯಾರಾಚೂಟ್ ಕಟ್ಟಿಕೊಂಡು ವಿಮಾನದಿಂದ ಹಾರುವ ಸ್ಕೈಡೈವಿಂಗ್ ಬಗ್ಗೆ ಪತ್ರಿಕೆಗಳಲ್ಲಿ ಎರಡೇ ಥರದ ಸುದ್ದಿ ಬರುತ್ತದೆ. ಯಾರೋ ಬಿದ್ದು ಸತ್ತರು ಅಂತ, ಇಲ್ಲವೇ ಯಾರೋ ದಾಖಲೆ ಮಾಡಿದರು ಅಂತ. ಗೆಳೆಯರ ಜೊತೆ ಸೇರಿಕೊಂಡು ಮೊದಲ ಸಲ ಹಾರೋಕೆ ಹೋಗುವ ನಮ್ಮಂಥ ಸಾಮಾನ್ಯ ಜನರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಇತ್ತೀಚೆಗೆ ನಾನು ನನ್ನ ಹಳೇ ಗೆಳತಿಯ ಜೊತೆ ಹೋಗಿದ್ದೆ. ನಾನು ಹಾರಿದೆ. ಅವಳು ಬಾಗಿಲ ತನಕ ಬಂದು ಬೇಡ ಅಂದಳು, ವಿಮಾನದಲ್ಲೇ ಕೆಳಗೆ ಇಳಿದಳು. ಆಮೇಲೆ ಜನ ಅವಳಿಗೆ ಆಡಿದ ಮಾತು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಈ ಪತ್ರ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮೊದಲ ಸಲ ಹಾರುವವರು ಸಾಮಾನ್ಯವಾಗಿ ಮಾಡುವುದು ಟ್ಯಾಂಡಮ್ ಜಂಪ್. ನಮ್ಮ ಬೆನ್ನ ಹಿಂದೆ ಇನ್‌ಸ್ಟ್ರಕ್ಟರ್ ಇರುತ್ತಾರೆ. ಭುಜದ ಹತ್ತಿರ ಎರಡು, ಸೊಂಟದ ಹತ್ತಿರ ಎರಡು ಕೊಕ್ಕೆ ಹಾಕಿ ನಮ್ಮನ್ನು ಅವರಿಗೆ ಬಿಗಿಯುತ್ತಾರೆ. ಪ್ಯಾರಾಚೂಟ್ ಇರುವುದು ಅವರ ಬೆನ್ನ ಮೇಲೆ. 1980ರ ದಶಕದಲ್ಲಿ ಅಮೆರಿಕದ ಬಿಲ್ ಬೂತ್, ಟೆಡ್ ಸ್ಟ್ರಾಂಗ್ ಮುಂತಾದವರು ಈ ಪದ್ಧತಿಯನ್ನು ಬೆಳೆಸಿದರು. ಅದಕ್ಕೂ ಮುಂಚೆ ಹೊಸಬರು ಗಂಟೆಗಟ್ಟಲೆ ನೆಲದ ಮೇಲೆ ತರಬೇತಿ ಪಡೆದು ಒಬ್ಬರೇ ಹಾರಬೇಕಿತ್ತು, ವಿಮಾನಕ್ಕೆ ಸಿಕ್ಕಿಸಿದ ಪಟ್ಟಿಯೇ ಅವರ ಪ್ಯಾರಾಚೂಟನ್ನು ಎಳೆದು ಬಿಚ್ಚುತ್ತಿತ್ತು. ಈಗ ಅರ್ಧ ಗಂಟೆ ಹೇಳಿಕೊಟ್ಟರೆ ಮುಗಿಯಿತು. ಇದರಿಂದ ಎಷ್ಟೋ ಜನಕ್ಕೆ ಆಕಾಶ ಸಿಕ್ಕಿತು, ಅದು ಒಳ್ಳೆಯದೇ. ಆದರೆ ತಯಾರಿ ಚಿಕ್ಕದಾದಂತೆ ಯೋಚನೆ ಮಾಡುವ ಸಮಯವೂ ಚಿಕ್ಕದಾಯಿತು. ಬೆಳಿಗ್ಗೆ ಫಾರಂಗೆ ಸಹಿ ಹಾಕಿದವರು ಮಧ್ಯಾಹ್ನದ ಹೊತ್ತಿಗೆ ಬಾಗಿಲಲ್ಲಿ ಕೂತಿರುತ್ತಾರೆ. ನನಗೆ ಇದು ಬೇಕಾ ಅಂತ ಕೇಳಿಕೊಳ್ಳುವಷ್ಟು ಪುರುಸೊತ್ತು ಅಲ್ಲಿ ಬಹಳ ಜನಕ್ಕೆ ಇರುವುದೇ ಇಲ್ಲ.

ನನ್ನ ಗೆಳತಿ ಕೇಳಿಕೊಂಡಳು. ತನ್ನನ್ನಷ್ಟೇ ಅಲ್ಲ, ಇನ್‌ಸ್ಟ್ರಕ್ಟರನ್ನೂ ಕೇಳಿದಳು. ಮುಖ್ಯ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದಿದ್ದರೆ ಏನು ಮಾಡ್ತೀರಿ? ಎರಡನೆಯದನ್ನು ಮಡಿಸಿದ್ದು ಯಾರು, ಯಾವಾಗ? ನಿಮಗೇ ಪ್ರಜ್ಞೆ ತಪ್ಪಿದರೆ? ನಮ್ಮ ಜೊತೆ ಕಾಯುತ್ತಿದ್ದ ಹುಡುಗರು ಕಿಸಿಕಿಸಿ ನಕ್ಕರು. ಇನ್‌ಸ್ಟ್ರಕ್ಟರ್ ನಗಲಿಲ್ಲ. ಒಂದೊಂದಕ್ಕೂ ಬ್ಯಾಗ್ ತೋರಿಸಿ ಉತ್ತರ ಕೊಟ್ಟರು. ಮುಖ್ಯ ಪ್ಯಾರಾಚೂಟ್ ಕೈಕೊಟ್ಟರೆ ಅದನ್ನು ಕಳಚಿ ಬಿಸಾಕಿ ರಿಸರ್ವ್, ಅಂದರೆ ಎರಡನೆಯ ಪ್ಯಾರಾಚೂಟ್ ತೆಗೆಯುತ್ತಾರೆ. ರಿಸರ್ವನ್ನು ಯಾರು ಬೇಕಾದರೂ ಮಡಿಸುವ ಹಾಗಿಲ್ಲ, ಅದಕ್ಕೇ ಪರೀಕ್ಷೆ ಪಾಸು ಮಾಡಿದ ರಿಗ್ಗರ್ ಇರುತ್ತಾರೆ. ಅಮೆರಿಕದ ನಿಯಮದಲ್ಲಿ ಈಗಿನ ನೈಲಾನ್ ರಿಸರ್ವನ್ನು ಬಳಸದೇ ಇದ್ದರೂ 180 ದಿನಕ್ಕೊಮ್ಮೆ ಬಿಚ್ಚಿ ನೋಡಿ ಮತ್ತೆ ಮಡಿಸಬೇಕು. ಇನ್ನು ಪ್ರಜ್ಞೆ ತಪ್ಪಿದರೆ ಅನ್ನುವುದಕ್ಕೆ ಬ್ಯಾಗ್ ಒಳಗೆ ಒಂದು ಪುಟ್ಟ ಯಂತ್ರ ಇದೆ. ಅದು ಗಾಳಿಯ ಒತ್ತಡ ಅಳೆಯುತ್ತಾ ಇರುತ್ತದೆ. ಸುಮಾರು 2,000 ಅಡಿ ಎತ್ತರಕ್ಕೆ ಬಂದರೂ ಇನ್ನೂ ವೇಗವಾಗಿ ಬೀಳುತ್ತಿದ್ದಾರೆ ಅಂತ ಗೊತ್ತಾದರೆ ತಾನೇ ರಿಸರ್ವ್ ಬಿಚ್ಚಿಬಿಡುತ್ತದೆ.

ಇಷ್ಟೆಲ್ಲ ನನಗೆ ತಿಳಿದದ್ದು ಅವಳು ಕೇಳಿದ್ದಕ್ಕೆ. ಸುಮ್ನೆ ನಗುತ್ತಿದ್ದ ಆ ಹುಡುಗರಿಗೂ ಅಷ್ಟೇ, ಅವಳು ಕೇಳಿದ್ದರಿಂದಲೇ ಗೊತ್ತಾಗಿರಬೇಕು.

ವಿಮಾನ ಹತ್ತಿದೆವು. ಮೇಲೆ ಹೋಗುತ್ತಾ ಚಳಿ ಜಾಸ್ತಿ ಆಗುತ್ತದೆ, ಸಾವಿರ ಅಡಿಗೆ ಸುಮಾರು 2 ಡಿಗ್ರಿ ಇಳಿಯುತ್ತದೆ. 13,000 ಅಡಿಗೆ ಹೋಗುವಷ್ಟರಲ್ಲಿ ಬೆರಳು ಜೋಮು ಹಿಡಿದಿದ್ದವು. ಬಾಗಿಲು ತೆಗೆದ ಕೂಡಲೇ ಏನು ಸದ್ದು ಅಂತೀರಿ, ಪಕ್ಕದವರು ಕೂಗಿದರೂ ಕೇಳಿಸುವುದಿಲ್ಲ. ಗೆಳತಿ ನನಗಿಂತ ಮುಂದೆ ಇದ್ದಳು, ಅವಳ ಸರದಿಯೇ ಮೊದಲು. ಅವಳು ಬಾಗಿಲ ಅಂಚಿಗೆ ಹೋದಳು, ಕೆಳಗೆ ನೋಡಿದಳು, ಬೇಡ ಅಂತ ತಲೆ ಆಡಿಸಿದಳು. ಅವಳ ಇನ್‌ಸ್ಟ್ರಕ್ಟರ್ ಕಿವಿ ಹತ್ತಿರ ಬಾಗಿ ಇನ್ನೊಂದು ಸಲ ಕೇಳಿದರು. ಮತ್ತೆ ತಲೆ ಆಡಿಸಿದಳು. ಅಷ್ಟೇ. ಒತ್ತಾಯ ಇಲ್ಲ, ಬೈಗುಳ ಇಲ್ಲ. ಅವರು ಅವಳನ್ನು ಹಿಂದಕ್ಕೆ ಕರೆದುಕೊಂಡು ಒಂದು ಪಕ್ಕಕ್ಕೆ ಕೂರಿಸಿದರು, ನಮಗೆ ಹೋಗಿ ಅಂತ ಕೈ ಮಾಡಿದರು. ಅವಳು ನನ್ನ ಕಡೆ ನೋಡಿ ಹೆಬ್ಬೆರಳು ಎತ್ತಿ ತೋರಿಸಿದಳು. ಅವಳ ಮುಖದಲ್ಲಿ ಗಾಬರಿ ಇರಲಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ.

ಹಾರಿದ ಮೇಲೆ ಏನಾಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಜಾತ್ರೆಯ ತೊಟ್ಟಿಲಲ್ಲಿ ಕೆಳಗಿಳಿಯುವಾಗ ಹೊಟ್ಟೆಯಲ್ಲಿ ಆಗುತ್ತದಲ್ಲ, ಅದು ಇಲ್ಲಿ ಹೆಚ್ಚುಕಮ್ಮಿ ಆಗುವುದೇ ಇಲ್ಲ. ವಿಮಾನ ಮೊದಲೇ ಜೋರಾಗಿ ಮುಂದಕ್ಕೆ ಓಡುತ್ತಿರುತ್ತದೆ, ನಾವೂ ಅದೇ ವೇಗದಲ್ಲಿ ಹೊರಬಿದ್ದು ಹಾಗೇ ಕೆಳಮುಖ ಆಗುತ್ತೇವೆ, ಮೊದಲ ಕ್ಷಣದಿಂದಲೇ ಗಾಳಿ ಮೈಯನ್ನು ತಳ್ಳುತ್ತಿರುತ್ತದೆ. ಸುಮಾರು ಹತ್ತು ಸೆಕೆಂಡಿಗೆ ವೇಗ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ಗಂಟೆಗೆ 190-200 ಕಿಲೋಮೀಟರ್. ಇಬ್ಬರ ತೂಕ ಸೇರಿದರೆ ಇದಕ್ಕಿಂತ ಬಹಳ ಜಾಸ್ತಿ ಆಗಬೇಕಿತ್ತು. ಅದನ್ನು ತಡೆಯೋಕೆ ಹಿಂದೆ ಡ್ರೋಗ್ ಅಂತ ಒಂದು ಚಿಕ್ಕ ಪ್ಯಾರಾಚೂಟ್ ಬಿಟ್ಟಿರುತ್ತಾರೆ. ಬೀಳುತ್ತಿದ್ದೇನೆ ಅಂತಲೇ ಅನಿಸುವುದಿಲ್ಲ, ನೆಲ ತುಂಬಾ ದೂರ ಇದೆ, ಅದು ಹತ್ತಿರ ಬರುವುದು ಕಣ್ಣಿಗೆ ತಿಳಿಯುವುದಿಲ್ಲ. ಗಾಳಿಯ ಮೇಲೆ ಮಲಗಿದ ಹಾಗೆ ಇರುತ್ತದೆ. ನನಗೆ ಅತ್ತ ಹಾಗಾಯಿತು, ಯಾಕೆ ಅಂತ ಕೇಳಬೇಡಿ, ತುಂಬಾ ಚೆನ್ನಾಗಿತ್ತು. ಉಸಿರು ಕಟ್ಟುತ್ತದೆ ಅಂತ ಜನ ಹೆದರಿಸುತ್ತಾರೆ, ಹಾಗೇನೂ ಇಲ್ಲ, ಉಸಿರಾಡುವುದನ್ನು ನೆನಪಿಟ್ಟುಕೊಂಡರೆ ಆಯಿತು. ಒಂದು ನಿಮಿಷವೂ ಪೂರ್ತಿ ಇರುವುದಿಲ್ಲ. 5,000 ಅಡಿಯ ಆಸುಪಾಸಿನಲ್ಲಿ ಪ್ಯಾರಾಚೂಟ್ ಬಿಚ್ಚಿಕೊಂಡಿತು, ಮೈ ಜಗ್ಗಿತು, ಸದ್ದೆಲ್ಲ ಒಮ್ಮೆಗೇ ನಿಂತಿತು. ಅಲ್ಲಿ ಆರಾಮಾಗಿ ಮಾತಾಡಬಹುದು.

ನಾನು ಕೇಳಿದ ಮೊದಲ ಮಾತು ಅವಳ ಬಗ್ಗೆ. ನನ್ನ ಇನ್‌ಸ್ಟ್ರಕ್ಟರ್ ಆ ಕಡೆ ನೋಡಿ ಅಂತ ಕೈ ತೋರಿಸಿದರು. ವಿಮಾನ ನಿಧಾನವಾಗಿ ಸುತ್ತು ಹಾಕುತ್ತಾ ಇಳಿಯುತ್ತಿತ್ತು. ಎಲ್ಲರೂ ಹಾರಿದ್ದರೆ ಪೈಲಟ್ ಸರ್ರನೆ ಕೆಳಗಿಳಿಸಿ ನಮಗಿಂತ ಮೊದಲೇ ನೆಲ ಮುಟ್ಟುತ್ತಾರಂತೆ. ಒಳಗೆ ಪ್ಯಾರಾಚೂಟ್ ಹಾಕಿಕೊಂಡವರು ಉಳಿದಿದ್ದರೆ ಹಾಗೆ ಮಾಡುವಂತಿಲ್ಲ. ವಿಮಾನ ತೀರಾ ಜೋರಾಗಿ ಇಳಿದರೆ ಆ ಪುಟ್ಟ ಯಂತ್ರ, ಇವರು ಬೀಳುತ್ತಿದ್ದಾರೆ ಅಂತ ತಿಳಿದು ವಿಮಾನದ ಒಳಗೇ ರಿಸರ್ವ್ ಬಿಚ್ಚಬಹುದು. ಹಾಗಾಗಿ ಯಾರಾದರೂ ವಾಪಸ್ ಬಂದರೆ ಪೈಲಟ್ ಏನು ಮಾಡಬೇಕು ಅನ್ನುವುದೂ ಮೊದಲೇ ಗೊತ್ತುಪಡಿಸಿರುತ್ತದೆ. ಅಂದರೆ ನೋಡಿ, ಈ ಕೆಲಸದಲ್ಲಿ ದಿನಾ ಇರುವವರು ಒಬ್ಬರು ಬೇಡ ಅನ್ನಬಹುದು ಅಂತ ಎಣಿಸಿಯೇ ಎಲ್ಲವನ್ನೂ ಮಾಡಿದ್ದಾರೆ. ಎಣಿಸದೇ ಇರುವವರು ಕೆಳಗೆ ನಿಂತು ನೋಡುವ ನಾವು.

ಯಾಕೆ ಅಂದರೆ ಇಳಿದ ಮೇಲೆ ನನಗೆ ಚಪ್ಪಾಳೆ. ಅವಳಿಗೆ, ‘ಅಷ್ಟು ಮೇಲೆ ಹೋಗಿ ಸುಮ್ನೆ ವಾಪಸ್ ಬಂದ್ಯಾ?’, ‘ದುಡ್ಡು ದಂಡ ಮಾಡಿದೆಯಲ್ಲೇ’. ಜೊತೆಗೆ ಬಂದವರೇ ಹೀಗೆ. ಸಂಜೆಯ ಹೊತ್ತಿಗೆ ಅವಳು ತಲೆ ಆಡಿಸುವ ದೃಶ್ಯವನ್ನು ಯಾರೋ ವಿಡಿಯೋದಿಂದ ಕತ್ತರಿಸಿ ವಾಟ್ಸಾಪ್ ಗ್ರೂಪಿಗೆ ಸ್ಟಿಕ್ಕರ್ ಮಾಡಿ ಹಾಕಿದ್ದರು. ಏನೇ ಬೇಡ ಅಂದರೂ ಈಗ ಆ ಸ್ಟಿಕ್ಕರ್ ಬರುತ್ತದೆ. ಅವಳು ನಗುತ್ತಾಳೆ. ಆದರೆ ಗ್ರೂಪಿನಲ್ಲಿ ಮಾತಾಡುವುದು ಕಡಿಮೆ ಮಾಡಿದ್ದಾಳೆ. ‘ಬಿಡೇ, ಅವರಿಗೆ ಗೊತ್ತಾಗಲ್ಲ’ ಅಂತ ನನಗೇ ಸಮಾಧಾನ ಹೇಳುತ್ತಾಳೆ.

ಗೊತ್ತಾಗಬೇಕು ಅಲ್ವಾ?

ಫೆಲಿಕ್ಸ್ ಬೌಮ್‌ಗಾರ್ಟ್ನರ್ ಹೆಸರು ಎಲ್ಲರೂ ಕೇಳಿದ್ದಾರೆ. 2012ರ ಅಕ್ಟೋಬರ್ 14ರಂದು ಸುಮಾರು 39 ಕಿಲೋಮೀಟರ್ ಎತ್ತರದಿಂದ, ಬಲೂನಿಗೆ ಕಟ್ಟಿದ ಕ್ಯಾಪ್ಸೂಲಿನಿಂದ ಹಾರಿ ಶಬ್ದಕ್ಕಿಂತ ವೇಗವಾಗಿ ಬಿದ್ದವರು. ಅವರೂ ಒಮ್ಮೆ ಅರ್ಧಕ್ಕೆ ಬಿಟ್ಟು ಹೋಗಿದ್ದರು. ಆ ಬಿಗಿಯಾದ ಒತ್ತಡದ ಸೂಟಿನೊಳಗೆ ಗಂಟೆಗಟ್ಟಲೆ ಇರುವುದು ತಡೆಯಲಾಗದೆ 2010ರಲ್ಲಿ ಅಮೆರಿಕದಿಂದ ತಮ್ಮ ದೇಶ ಆಸ್ಟ್ರಿಯಾಕ್ಕೆ ಹೊರಟುಹೋದರು. ಮನಶ್ಶಾಸ್ತ್ರಜ್ಞರ ನೆರವು ಪಡೆದು ಆಮೇಲೆ ಮತ್ತೆ ಬಂದರು. ಹಾರಿದ ವಾರವೂ ಅಷ್ಟೇ, ಅಕ್ಟೋಬರ್ 9ರಂದು ಎಲ್ಲ ತಯಾರಾಗಿ ಕ್ಯಾಪ್ಸೂಲಿನಲ್ಲಿ ಕೂತಿದ್ದವರು ಗಾಳಿ ಜೋರಾಯಿತು ಅಂತ ಎದ್ದು ಬಂದರು. ಜಗತ್ತಿನ ಕಣ್ಣೆಲ್ಲ ಅವರ ಮೇಲಿತ್ತು. ಆ ದಿನ ನಿಲ್ಲಿಸಿದ್ದು ಜಾಣತನ ಅಂತ ಎಲ್ಲರೂ ಒಪ್ಪಿದರು. ನನ್ನ ಗೆಳತಿಗೆ ಮಾತ್ರ ಪುಕ್ಕಲಿ ಅನ್ನುವ ಹೆಸರು. ಇದು ಯಾವ ನ್ಯಾಯ?

ಈ ಆಟ ಮೊದಲಿಗಿಂತ ಸುರಕ್ಷಿತ ಆಗಿದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ವರ್ಷಕ್ಕೆ ಸರಾಸರಿ 40ಕ್ಕೂ ಹೆಚ್ಚು ಜನ ಸಾಯುತ್ತಿದ್ದರು. 2021ರಲ್ಲಿ ಅಲ್ಲಿ 35 ಲಕ್ಷಕ್ಕೂ ಹೆಚ್ಚು ಜಿಗಿತ ಆಗಿದ್ದವು, ಸತ್ತವರು 10 ಮಂದಿ. ಉಪಕರಣ ಸುಧಾರಿಸಿದ್ದು ಇದಕ್ಕೆ ಒಂದು ಕಾರಣ. ಆದರೆ ಉಪಕರಣದಷ್ಟೇ ಮುಖ್ಯವಾದದ್ದು ಬೇಡ ಅನ್ನುವ ಅಭ್ಯಾಸ ಅಂತ ನನಗೆ ಅನಿಸುತ್ತದೆ. ಗಾಳಿ ಜಾಸ್ತಿ ಇದೆ, ಇವತ್ತು ಬೇಡ. ಮೋಡ ಕವಿದಿದೆ, ಇಳಿಯುವ ಜಾಗ ಕಾಣುತ್ತಿಲ್ಲ, ಕಾಯೋಣ. ನಿಮ್ಮ ತೂಕ ಮೈಗೆ ಬಿಗಿಯುವ ಪಟ್ಟಿಗಳ (ಹಾರ್ನೆಸ್) ಮಿತಿಗಿಂತ ಜಾಸ್ತಿ, ಕ್ಷಮಿಸಿ. ನಿನ್ನೆ ಸ್ಕೂಬಾ ಡೈವಿಂಗ್ ಮಾಡಿದ್ದೀರಾ, ಹಾಗಿದ್ದರೆ ಇವತ್ತು ಮೇಲೆ ಹೋಗಬೇಡಿ. ಇನ್‌ಸ್ಟ್ರಕ್ಟರುಗಳು ದಿನಾ ಹೀಗೆ ಹೇಳುತ್ತಲೇ ಇರುತ್ತಾರೆ. ಅವರನ್ನು ಯಾರೂ ಅಂಜುಬುರುಕರು ಅನ್ನುವುದಿಲ್ಲ. ಹಾರುವವರು ತಮ್ಮ ಮನಸ್ಸಿನ ಬಗ್ಗೆ ಅದೇ ಮಾತು ಹೇಳಿದರೆ ಮಾತ್ರ ನಗು. ಟ್ಯಾಂಡಮ್‌ನಲ್ಲಿ ಹಾರುವವರ ಕೆಲಸ ಚಿಕ್ಕದೇ ಇರಬಹುದು, ಬಾಗಿಲಲ್ಲಿ ಬಾಳೆಹಣ್ಣಿನ ಹಾಗೆ ಬೆನ್ನು ಬಾಗಿಸಬೇಕು, ಗಲ್ಲ ಮೇಲೆತ್ತಬೇಕು, ಇಳಿಯುವಾಗ ಕಾಲು ಎತ್ತಿ ಹಿಡಿಯಬೇಕು. ಮನಸ್ಸಿಲ್ಲದೆ ಹೋದವರು ಬಾಗಿಲ ಚೌಕಟ್ಟು ಹಿಡಿದುಕೊಂಡುಬಿಟ್ಟರೆ ಹಿಂದೆ ಇರುವವರಿಗೂ ಅಪಾಯ.

ಜೊತೆಯಲ್ಲಿ ಹೋಗುವ ಗೆಳೆಯ ಗೆಳತಿಯರಿಗೆ ನನ್ನ ಒಂದೆರಡು ಮಾತು. ಹುಟ್ಟುಹಬ್ಬಕ್ಕೆ ಸರ್‌ಪ್ರೈಸ್ ಅಂತ ಕೇಳದೆ ಟಿಕೆಟ್ ಬುಕ್ ಮಾಡಬೇಡಿ, ದಯವಿಟ್ಟು. ಅದು ಉಡುಗೊರೆ ಆಗುವುದಿಲ್ಲ, ಒಲ್ಲೆ ಅನ್ನೋಕೆ ಆಗದ ಹಾಗೆ ಕಟ್ಟಿಹಾಕಿದಂತೆ ಆಗುತ್ತದೆ. ಬೆಟ್ ಕಟ್ಟಬೇಡಿ. ನೆಲದ ಮೇಲೆ ಇರುವಾಗಲೇ ಒಬ್ಬರಿಗೊಬ್ಬರು ಹೇಳಿಕೊಳ್ಳಿ: ನೀನು ಎಲ್ಲಿ ಬೇಕಾದರೂ ನಿಲ್ಲಿಸಬಹುದು, ನಾನು ಏನೂ ಕೇಳುವುದಿಲ್ಲ. ನಾವಿಬ್ಬರೂ ಇದನ್ನು ಮೊದಲೇ ಮಾತಾಡಿಕೊಂಡಿದ್ದೆವು, ಅದಕ್ಕೇ ಅವಳು ನನಗೆ ಹೆಬ್ಬೆರಳು ತೋರಿಸಿದಳು, ನಾನು ನೆಮ್ಮದಿಯಿಂದ ಹಾರಿದೆ. ಇನ್ನೊಂದು ವಿಷಯ, ಜೊತೆಗೆ ಹೋಗೋಣ ಅಂತ ಎಷ್ಟೇ ಹೇಳಿದರೂ ಆಕಾಶದಲ್ಲಿ ನೀವು ಜೊತೆಗೆ ಇರುವುದಿಲ್ಲ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಕೆಲವು ಸೆಕೆಂಡು ಬಿಟ್ಟೇ ಹಾರಿಸುತ್ತಾರೆ, ಪ್ಯಾರಾಚೂಟುಗಳು ಹತ್ತಿರ ಬರಬಾರದಲ್ಲ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಪಾಡಿಗೆ ತಾವು. ಹಾಗಿರುವಾಗ ತೀರ್ಮಾನವೂ ಅವರವರದೇ ಆಗಿರಬೇಕು.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಸ್ಕೈಡೈವಿಂಗ್ ಅವಘಡ ಆದಾಗ ‘ಮೋಜಿಗೆ ಬಲಿ’ ಅಂತ ತಲೆಬರಹ ಕೊಡಬೇಡಿ. ಏನು ತಪ್ಪಿತು ಅಂತ ಬರೆಯಿರಿ. ಪ್ಯಾರಾಚೂಟ್ ಬಿಚ್ಚದೇ ಹೋಯಿತೋ, ಚೆನ್ನಾಗಿ ಬಿಚ್ಚಿದ್ದರೂ ನೆಲದ ಹತ್ತಿರ ತಿರುವು ತೆಗೆದುಕೊಂಡು ಬಿದ್ದರೋ? ಅನುಭವಿಗಳಲ್ಲಿ ಅವಘಡ ಎರಡನೆಯ ರೀತಿಯಲ್ಲೇ ಎಷ್ಟೋ ಸಲ ಆಗಿದೆ. ಇವೆರಡೂ ಬೇರೆ ಬೇರೆ, ಓದುವವರಿಗೆ ಅದು ತಿಳಿಯಬೇಕು. ಹಾಗೇ ಪ್ರವಾಸ ಪುರವಣಿಯಲ್ಲಿ ಈ ಬಗ್ಗೆ ಲೇಖನ ಹಾಕುವಾಗ ನಗುಮುಖದ ಫೋಟೋ ಜೊತೆ, ಹೋಗುವವರು ಏನೇನು ಕೇಳಬೇಕು ಅನ್ನುವುದನ್ನೂ ಹಾಕಿ. ಇನ್‌ಸ್ಟ್ರಕ್ಟರ್ ಎಷ್ಟು ಸಲ ಹಾರಿದ್ದಾರೆ (ಅಮೆರಿಕದ ಪ್ಯಾರಾಚೂಟ್ ಸಂಘ ಟ್ಯಾಂಡಮ್ ಇನ್‌ಸ್ಟ್ರಕ್ಟರ್ ಆಗಲು ಕನಿಷ್ಠ 500 ಜಿಗಿತ, ಮೂರು ವರ್ಷದ ಅನುಭವ ಕೇಳುತ್ತದೆ), ರಿಸರ್ವ್ ಮಡಿಸಿದ ದಿನಾಂಕ ತೋರಿಸುತ್ತಾರಾ, ತಾನೇ ರಿಸರ್ವ್ ಬಿಚ್ಚುವ ಆ ಯಂತ್ರ ಇದೆಯಾ, ಆನ್ ಆಗಿದೆಯಾ. ಮತ್ತೆ, ಬಾಗಿಲ ತನಕ ಹೋಗಿ ಬೇಡ ಅನಿಸಿದರೆ ವಾಪಸ್ ಕರೆತರುತ್ತಾರಾ. ಕೊನೆಯದಕ್ಕೆ ಹೌದು ಅನ್ನೋಕೆ ಯಾರಾದರೂ ತಡವರಿಸಿದರೆ ಅಲ್ಲಿಂದ ಎದ್ದು ಬನ್ನಿ.

ಇತಿ,
ನಿಮ್ಮ ಖಾಯಂ ಓದುಗರಲ್ಲಿ ಒಬ್ಬಳು